ಕೊಯ್ದ ರೀಲು ಎಲ್ಲಿಗೆ ಹೋಯ್ತು?

ಈ ವಾರ ಮೊದಲು ಒಂದು ತಪ್ಪೊಪ್ಪಿಗೆ. ನಾನೊಬ್ಬ ಹಳೇ ಕಳ್ಳ!

ಚಿಕ್ಕಂದಿನಲ್ಲಿ ನಮ್ಮೂರ ಟೆಂಟಿನ ಆಪರೇಟರಣ್ಣನಿಗೆ ಒಂದು ಕಟ್ಟು ಬೀಡಿ ತಂದುಕೊಟ್ಟರೆ ಗೇಣುದ್ದ ಫಿಲಂ ಕೊಡುತ್ತಿದ್ದ. ಹರಿದ ರೀಲು ಅಂಟಿಸುವಾಗ ಉಳಿದ ತುಂಡು ಅಂತಿದ್ದ. ಬರ್ತಾ ಬರ್ತಾ ಹರಿಯದ ಕಡೆಯೂ ಕತ್ತರಿ ಆಡತೊಡಗಿತು. ನಮ್ಮ ಪೇಟೆಯಲ್ಲಿ ವಿಲನ್ ಮುಖಕ್ಕೆ ಐದು ಗೋಲಿ, ಹೀರೋ ಮುಖಕ್ಕೆ ಹತ್ತು, ಫೈಟಿಂಗಿಗೆ ಇಪ್ಪತ್ತು! ಸುಟ್ಟ ಬಲ್ಬಿಗೆ ನೀರು ತುಂಬಿ, ಬಿಸಿಲಿಗೆ ಕನ್ನಡಿ ಹಿಡಿದು, ಅಪ್ಪನ ಪಂಚೆಯ ಮೇಲೆ ನಮ್ಮ ‘ಶೋ’. ಅದೇ ಪ್ರಿಂಟು ಮುಂದಿನ ಊರಿಗೆ ಹೋದಾಗ, ಹೀರೋ ಎತ್ತಿದ ಕೈ ಇಳಿಯುವ ಮೊದಲೇ ವಿಲನ್ ನೆಲ ಕಚ್ಚಿರುತ್ತಿದ್ದ. ಅಲ್ಲಿಯ ಜನ ‘ಕಟ್ ಮಾಡಿದ್ರಲ್ಲೋ!’ ಅಂತ ಕುರ್ಚಿ ಒದ್ದಿರಬೇಕು. ಆ ಏಟು ನನ್ನ ಚಡ್ಡಿ ಜೇಬಿನಲ್ಲಿತ್ತು.

ಇದು ಈಗ ಯಾಕೆ ನೆನಪಾಯ್ತು ಅಂದ್ರೆ, ಮೊನ್ನೆ ಮತ್ತೊಮ್ಮೆ ‘ಮೆಟ್ರೊಪೊಲಿಸ್’ ನೋಡಿದೆ. ಜರ್ಮನಿಯ ಫ್ರಿಟ್ಸ್ ಲಾಂಗ್ ತೆಗೆದ ಮೂಕಿ ಚಿತ್ರ. ಉಫಾ ಕಂಪನಿ ಸುಮಾರು 50 ಲಕ್ಷ ಮಾರ್ಕು ಸುರಿದು ಮಾಡಿದ್ದು. ಆಕಾಶ ಮುಟ್ಟುವ ಮಹಡಿಗಳಲ್ಲಿ ಧಣಿಗಳು, ನೆಲದಡಿಯಲ್ಲಿ ಕೂಲಿಗಳು, ಕೂಲಿಗಳ ಪರ ನಿಲ್ಲುವ ಧಣಿಯ ಮಗ, ಅವನು ಮೆಚ್ಚಿದ ಮರಿಯಾ, ಅವಳದೇ ರೂಪದ ಯಂತ್ರದ ಹೆಣ್ಣು. ಬ್ರಿಗಿಟ್ಟೆ ಹೆಲ್ಮ್ ಡಬಲ್ ಆಕ್ಟಿಂಗು! ಹೇಳಿ, ಇದು ನಮಗೆ ಗೊತ್ತಿಲ್ಲದ ಕಥೆಯೇ?

1927ರ ಜನವರಿ 10ರಂದು ಬರ್ಲಿನ್ನಿನಲ್ಲಿ ಬಿಡುಗಡೆಯಾದಾಗ ಉದ್ದ 4,189 ಮೀಟರ್, ಸುಮಾರು ಎರಡೂವರೆ ಗಂಟೆ. ಕಲೆಕ್ಷನ್ ಕೈಕೊಟ್ಟಿತು. ಅತ್ತ ಅಮೆರಿಕಾದಲ್ಲಿ ಪ್ಯಾರಾಮೌಂಟ್‌ನವರು ಚಾನಿಂಗ್ ಪೊಲ್ಲಾಕ್ ಎಂಬ ನಾಟಕಕಾರನ ಕೈಗೆ ಕತ್ತರಿ ಕೊಟ್ಟರು. ಇತ್ತ ಉಫಾದವರೂ ಅದೇ ದಾರಿ ಹಿಡಿದರು. ಕಾಲು ಭಾಗ ಢಮಾರ್!

ಕತ್ತರಿ ಬಿದ್ದದ್ದು ಎಲ್ಲಿಗೆ ಅಂತೀರಿ? ಯಂತ್ರ ಮಾಡುವ ವಿಜ್ಞಾನಿ ರಾಟ್‌ವಾಂಗ್ ಪ್ರೀತಿಸಿದ ಹೆಂಗಸಿನ ಹೆಸರು ಹೆಲ್. ಅವಳು ಧಣಿಯನ್ನು ಮದುವೆಯಾಗಿ, ಮಗನನ್ನು ಹೆತ್ತು ಸತ್ತಳು. ಅವಳನ್ನೇ ಮತ್ತೆ ಪಡೆಯಬೇಕೆಂದು ಇವನು ಯಂತ್ರದ ಹೆಣ್ಣನ್ನು ಮಾಡಿದ್ದು. ಇಂಗ್ಲಿಷಿನಲ್ಲಿ ‘ಹೆಲ್’ ಅಂದ್ರೆ ನರಕ, ಜನ ನಗ್ತಾರೆ ಅಂತ ಪೊಲ್ಲಾಕ್ ಅವಳನ್ನೇ ಚಿತ್ರದಿಂದ ಕಿತ್ತುಹಾಕಿದ. ಪರಿಣಾಮ? ವಿಲನ್ನಿಗೆ ಫ್ಲ್ಯಾಶ್‌ಬ್ಯಾಕೇ ಇಲ್ಲ! ಎದೆಯಲ್ಲಿ ಬೆಂಕಿ ಇಟ್ಟುಕೊಂಡ ಮನುಷ್ಯ ಬರೀ ಹುಚ್ಚನಾದ. ಎಂಬತ್ತು ವರ್ಷ ಲೋಕವೆಲ್ಲ ಈ ಅರೆಬರೆ ಕಥೆಯನ್ನೇ ನೋಡಿತು. 2001ರಲ್ಲಿ ಮುರ್ನೌ ಪ್ರತಿಷ್ಠಾನದವರು ಸಿಕ್ಕ ಪ್ರಿಂಟುಗಳನ್ನೆಲ್ಲ ಕೂಡಿಸಿ ಅಂದವಾಗಿ ಜೋಡಿಸಿದರು. ಆದರೂ ಇಲ್ಲದ ದೃಶ್ಯದ ಜಾಗದಲ್ಲಿ ಬರೀ ಅಕ್ಷರ ತೋರಿಸಬೇಕಾಯ್ತು.

ಇನ್ನು ಇಂಟರ್‌ವಲ್ ನಂತರದ ಕಥೆ. ಕತ್ತರಿ ಬೀಳುವ ಮುಂಚಿನ ಪೂರ್ತಿ ಪ್ರಿಂಟೊಂದನ್ನು ವಿಲ್ಸನ್ ಎಂಬ ಹಂಚಿಕೆದಾರ ಅರ್ಜೆಂಟೀನಾಕ್ಕೆ ತಂದಿದ್ದ. ಅದು ಪೇನ್ಯಾ ರೊದ್ರಿಗೆಸ್ ಎಂಬ ಪತ್ರಿಕಾ ವಿಮರ್ಶಕನ ಸಂಗ್ರಹ ಸೇರಿತು. ಬೆಂಕಿಗೆ ಬೇಗ ಬಲಿಯಾಗುವ ನೈಟ್ರೇಟ್ ಫಿಲಂ ಅಂತ ಮುಂದೆ ಅದನ್ನು 16 ಎಂ.ಎಂ.ಗೆ ಇಳಿಸಿಕೊಂಡು ಮೂಲವನ್ನು ನಾಶ ಮಾಡಿದರು. ಉಳಿದ ಸಣ್ಣ ರೀಲು ಬ್ಯೂನಸ್ ಐರಿಸ್‌ನ ಸಿನಿಮಾ ಮ್ಯೂಸಿಯಂನಲ್ಲಿ ತೆಪ್ಪಗೆ ಕೂತಿತ್ತು.

ಅದನ್ನು ಬಯಲಿಗೆ ತಂದದ್ದು ಒಂದು ಬೆರಳು! ಅಲ್ಲಿಯ ಸಿನಿಮಾ ಕ್ಲಬ್ಬಿನ ಸಮ್ಮಾರಿಟಾನೊ ಒಮ್ಮೆ ಫರ್ನಾಂಡೊ ಪೇನ್ಯಾ ಎಂಬ ಸಿನಿಮಾ ಹುಚ್ಚನ ಹತ್ತಿರ ಗೋಳು ತೋಡಿಕೊಂಡಿದ್ದ, ‘ಮೆಟ್ರೊಪೊಲಿಸ್’ ತೋರಿಸುವಾಗ ಫಿಲಂ ಕುಣಿಯದ ಹಾಗೆ ಎರಡು ಗಂಟೆಗೂ ಮೀರಿ ಬೆರಳು ಒತ್ತಿ ನಿಂತಿದ್ದೆ ಅಂತ. ಬೇರೆ ಯಾರಾದ್ರೂ ಆಗಿದ್ರೆ ‘ಅಯ್ಯೋ ಪಾಪ’ ಅಂತಿದ್ರು. ಪೇನ್ಯಾ ಲೆಕ್ಕ ಹಾಕಿದ. ಉಳಿದಿರುವ ಯಾವ ಪ್ರಿಂಟೂ ಅಷ್ಟು ಹೊತ್ತು ಓಡುವುದಿಲ್ಲವಲ್ಲ! ಡಬ್ಬ ತೆರೆಯಲು ಅವನು ವರ್ಷಗಟ್ಟಲೆ ಕಾದ. ಕೊನೆಗೆ 2008ರಲ್ಲಿ, ಪೌಲಾ ಫೆಲಿಕ್ಸ್ ದಿದಿಯೇ ಮ್ಯೂಸಿಯಂನ ಹೊಣೆ ಹೊತ್ತ ಮೇಲೆ ಇಬ್ಬರೂ ಕೂತು ರೀಲು ಬಿಚ್ಚಿ ನೋಡಿದರು. ಲೋಕ ಕಳೆದುಕೊಂಡಿದ್ದ ಸುಮಾರು 25 ನಿಮಿಷ ಅದರಲ್ಲಿತ್ತು!

ಸಿಕ್ಕಿತು ನಿಜ, ಆದರೆ ಸ್ಥಿತಿ? ಹಳೇ ಪ್ರಿಂಟಿನ ಗೆರೆ, ಎಣ್ಣೆ ಕಲೆಗಳೆಲ್ಲ ಚಿತ್ರದ ಜೊತೆಗೇ ನಕಲಾಗಿದ್ದವು. ಎಡೆಬಿಡದೆ ಮಳೆ ಸುರಿದ ಹಾಗೆ. 16 ಎಂ.ಎಂ.ಗೆ ಇಳಿಸುವಾಗ ಚಿತ್ರದ ಅಂಚೂ ಸ್ವಲ್ಪ ಹಾರಿಹೋಗಿತ್ತು. ಯಾವ ಶಾಟ್ ಎಲ್ಲಿ ಬರಬೇಕು ಅಂತ ತಿಳಿಯಲು ನೆರವಾದದ್ದು ಸಂಗೀತ ನಿರ್ದೇಶಕ ಹುಪ್ಪರ್ಟ್ಸ್‌ನ ಸ್ವರಲಿಪಿ. ಈ ಸ್ವರಕ್ಕೆ ಈ ದೃಶ್ಯ ಅಂತ ಅದರಲ್ಲಿ ಸಾವಿರಕ್ಕೂ ಹೆಚ್ಚು ಗುರುತುಗಳಿದ್ದವು. ಕಂಪ್ಯೂಟರಿನಲ್ಲಿ ತೊಳೆದರೂ ಗೆರೆ ಪೂರ್ತಿ ಹೋಗಲಿಲ್ಲ. ಅವರು ಅದನ್ನು ಮುಚ್ಚಿಡಲೂ ಇಲ್ಲ. ಆ ದೃಶ್ಯ ಬಂದಾಗ ಚಿತ್ರ ಚಿಕ್ಕದಾಗಿ ಪಕ್ಕದಲ್ಲಿ ಕಪ್ಪು ಅಂಚು ಕಾಣುತ್ತೆ. ಧಣಿಗೂ ವಿಜ್ಞಾನಿಗೂ ನಡೆಯುವ ಜಗಳ ಇಂದಿಗೂ ಇಲ್ಲ. 2010ರ ಫೆಬ್ರವರಿ 12ರಂದು ಬರ್ಲಿನ್ ಚಿತ್ರೋತ್ಸವದಲ್ಲಿ ಹೊಸ ಪ್ರತಿ ತೋರಿಸಿದಾಗ, ಬ್ರಾಂಡೆನ್‌ಬರ್ಗ್ ದ್ವಾರದ ಬಯಲಲ್ಲೂ ಪರದೆ ಕಟ್ಟಿದ್ದರು. ಕೊರೆಯುವ ಚಳಿಯಲ್ಲಿ ಜನ ನಿಂತು ನೋಡಿದರು. ನಮ್ಮ ಟೆಂಟಿನ ನೆಲದ ಕ್ಲಾಸೇ ಸರಿ!

ಈಗ ನಮ್ಮ ಮನೆಗೆ ಬನ್ನಿ. ಕನ್ನಡದ ಮೊದಲ ಟಾಕಿ ‘ಸತಿ ಸುಲೋಚನಾ’, 1934ರದ್ದು. ನಿರ್ದೇಶನ ವೈ.ವಿ. ರಾವ್. ಸುಬ್ಬಯ್ಯ ನಾಯ್ಡು, ತ್ರಿಪುರಾಂಬ ನಟಿಸಿದ ಚಿತ್ರ. ಇಂದು ನೋಡೋಣ ಅಂದ್ರೆ ಪ್ರಿಂಟೇ ಇಲ್ಲ. ಓಡಿ ಮುಗಿದ ರೀಲನ್ನು ಅದರಲ್ಲಿರುವ ಬೆಳ್ಳಿಯ ಆಸೆಗೆ ತೂಕಕ್ಕೆ ಹಾಕುತ್ತಿದ್ದ ಕಾಲ ಅದು. ಉಳಿದದ್ದನ್ನು ನನ್ನಂಥ ಪುಂಡರು ಗೋಲಿಗೆ ಮಾರಿದೆವು.

ಆದ್ದರಿಂದ ತಮ್ಮಂದಿರಾ, ಒಂದು ಮಾತು. ನಿಮ್ಮೂರಲ್ಲಿ ಮುಚ್ಚಿಹೋದ ಟೆಂಟಿನ ಮಾಲೀಕರೋ ಹಳೇ ಆಪರೇಟರೋ ಇದ್ದರೆ ಒಂದು ಸಂಜೆ ಹೋಗಿ ಕೂತು ಮಾತಾಡಿಸಿ. ಅಟ್ಟದ ಮೇಲೆ ತುಕ್ಕು ಹಿಡಿದ ಡಬ್ಬ ಕಂಡರೆ ಗುಜರಿಗೆ ಹೋಗಲು ಬಿಡಬೇಡಿ. ವಿನಿಗರ್ ವಾಸನೆ ಬಂದರೆ ಫಿಲಂ ಕೆಡ್ತಾ ಇದೆ ಅಂತ ಅರ್ಥ, ತಡ ಮಾಡಬೇಡಿ. 1950ರ ದಶಕಕ್ಕೆ ಹಿಂದಿನದ್ದಾದರೆ ಬೀಡಿ ಹಚ್ಚಿಕೊಂಡು ಹತ್ತಿರ ಹೋಗಬೇಡಿ, ಭಗ್ ಅಂದೀತು! 1964ರಿಂದ ಇದೇ ಕೆಲಸಕ್ಕೆ ಅಂತ ಪುಣೆಯಲ್ಲಿ ರಾಷ್ಟ್ರೀಯ ಚಲನಚಿತ್ರ ಸಂಗ್ರಹಾಲಯ ಇದೆ, ಅಲ್ಲಿಗೆ ಒಂದು ಕಾಗದ ಬರೆಯಿರಿ.

ನನ್ನ ಪೌಡರ್ ಡಬ್ಬಿಯಲ್ಲಿ ಇನ್ನೂ ಗೇಣುದ್ದದ ಒಂದು ತುಂಡು ಇದೆ. ಎತ್ತಿದ ಕೈ, ಮುಖ ಕಾಣಿಸದು. ಯಾವ ಚಿತ್ರದ್ದೋ ನನಗೇ ಗೊತ್ತಿಲ್ಲ. ಗುರುತು ಹಿಡಿಯಬಲ್ಲ ಹಳಬರು ಯಾರಾದರೂ ಸಿಕ್ಕರೆ ಹೇಳಿ, ವಾಪಸು ಕೊಟ್ಟುಬಿಡ್ತೀನಿ.