ಕಾರ್ಮಿಕನ ಕಣ್ಣೇ ಯಂತ್ರವೇ?

1984ರ ಡಿಸೆಂಬರ್ 2ರ ರಾತ್ರಿ ಭೋಪಾಲದ ಯೂನಿಯನ್ ಕಾರ್ಬೈಡ್ ಕಾರ್ಖಾನೆಯಲ್ಲಿ ವಿಷಾನಿಲ ಸೋರುತ್ತಿದೆಯೆಂದು ಮೊದಲು ಸಾರಿದ್ದು ಕಾರ್ಮಿಕರ ಉರಿಯುವ ಕಣ್ಣು.

ಇಂದು ವಿಜ್ಞಾನದ ಬಳಿ ಬೇರೊಂದು ಕಣ್ಣಿದೆ. ನಮಗೆ ಕಾಣದ ಅವಕೆಂಪು ಬೆಳಕಿನಲ್ಲಿ ಅನೇಕ ಅನಿಲಗಳು ತಮತಮಗೆ ಮೀಸಲಾದ ಅಲೆಗಳನ್ನು ಹೀರುತ್ತವೆ. ಅಂಥ ಲೇಸರ್ ಕಿರಣವನ್ನು ಗಾಳಿಯಲ್ಲಿ ಹಾಯಿಸಿ, ಯಾವ ಅಲೆ ಎಷ್ಟು ಕುಂದಿತೆಂದು ಅಳೆದರೆ ಹಲವು ಅನಿಲಗಳ ಹೆಸರೂ ಪ್ರಮಾಣವೂ ಒಟ್ಟಿಗೇ ತಿಳಿಯುತ್ತವೆ. 2012ರಲ್ಲಿ ಮಂಗಳ ಗ್ರಹದಲ್ಲಿಳಿದ ಕ್ಯೂರಿಯಾಸಿಟಿ ವಾಹನ ಅಲ್ಲಿನ ಮೀಥೇನ್, ಇಂಗಾಲದ ಡೈ ಆಕ್ಸೈಡ್, ನೀರಾವಿಗಳನ್ನು ಅಳೆದದ್ದು ಹೀಗೆಯೇ.

ಜನರಿಲ್ಲದ ಮಂಗಳಕ್ಕೆ ಒದಗಿದ ಈ ಕಾವಲು, ಜನ ದುಡಿಯುವ ಪ್ರತಿಯೊಂದು ವಿಷಾನಿಲದ ಕಾರ್ಖಾನೆಗೂ ಒದಗಲಿ. ಅದರ ಅಂಕಿ ಮ್ಯಾನೇಜರರ ಕೋಣೆಯಲ್ಲಿ ಅಡಗದೆ ಕಾರ್ಮಿಕರ ಕಣ್ಣೆದುರಿಗಿರಲಿ. ದುಬಾರಿಯೆನ್ನುವ ಮಾಲೀಕರು ಭೋಪಾಲದ ಸಾವುಗಳನ್ನು ಯಾವ ಖಾತೆಗೆ ಬರೆಯುತ್ತಾರೆ?