ಬೋರ್ಗ್‌ಗೂ ಸೈಬರ್‌ಮನ್‌ಗೂ ಬಾದರಾಯಣ ಸಂಬಂಧ

ಸ್ಟಾರ್ ಟ್ರೆಕ್‌ನಲ್ಲಿ ಬರುವ ಬೋರ್ಗ್‌ಗಳು ಯಾರು? ಡಾಕ್ಟರ್ ಹೂ ಧಾರಾವಾಹಿಯ ಸೈಬರ್‌ಮನ್‌ಗಳ ಮೊಮ್ಮಕ್ಕಳು. ಹೀಗೊಂದು ವಾದ ಈ ಎರಡೂ ಧಾರಾವಾಹಿಗಳ ಅಭಿಮಾನಿಗಳ ನಡುವೆ ಬಹಳ ವರ್ಷಗಳಿಂದ ಓಡಾಡಿಕೊಂಡಿದೆ. ಒಂದು ಅಮೆರಿಕದ್ದು, ಇನ್ನೊಂದು ಬ್ರಿಟನ್ನಿನ ಬಿಬಿಸಿಯದು. ಬರೆದವರು ಬೇರೆ, ದುಡ್ಡು ಹಾಕಿದವರು ಬೇರೆ, ಹಕ್ಕುದಾರರೂ ಬೇರೆ. ಆದರೂ ಎರಡು ಕಥೆಗಳೂ ನಡೆಯುವುದು ಒಂದೇ ಬ್ರಹ್ಮಾಂಡದಲ್ಲಿ ಎಂದು ಸಾಧಿಸಲು ಹೊರಟವರು ಅರ್ಧ ತಮಾಷೆಗೆ, ಅರ್ಧ ನಿಜಕ್ಕೂ ಸಾಕ್ಷ್ಯ ಕಲೆಹಾಕುತ್ತ ಬಂದಿದ್ದಾರೆ. ಇಂಥ ವಾದವನ್ನು ಈಗಿನವರು ಫ್ಯಾನ್ ಥಿಯರಿ ಅನ್ನುತ್ತಾರೆ. ನಮ್ಮಲ್ಲಿ ಇದಕ್ಕೆ ಹಳೆಯ ಹೆಸರೇ ಇದೆ: ಬಾದರಾಯಣ ಸಂಬಂಧ.

ಆ ಕಥೆ ಗೊತ್ತಿರುವುದೇ. ಗಾಡಿ ಹೂಡಿಕೊಂಡು ಬಂದ ಅಪರಿಚಿತನೊಬ್ಬ ಒಂದು ಮನೆಯ ಮುಂದೆ ಇಳಿದನಂತೆ. ಹೆಂಡತಿಯ ಕಡೆಯವನಿರಬೇಕು ಎಂದು ಗಂಡ ಅಂದುಕೊಂಡ, ಗಂಡನ ಕಡೆಯವನಿರಬೇಕು ಎಂದು ಹೆಂಡತಿ ಅಂದುಕೊಂಡಳು. ಊಟೋಪಚಾರ ಚೆನ್ನಾಗಿಯೇ ನಡೆಯಿತು. ಹೊರಡುವಾಗ ತಮಗೂ ನಮಗೂ ಏನು ಸಂಬಂಧವೆಂದು ಕೇಳಿದರೆ, ‘ನಿಮ್ಮ ಅಂಗಳದಲ್ಲಿರುವುದು ಬದರಿ ಮರ, ನನ್ನ ಗಾಡಿಯ ಚಕ್ರವೂ ಬದರಿ ಮರದ್ದೇ’ ಎಂದನಂತೆ. ಬದರಿ ಅಂದರೆ ಬೋರೆ. ಬೋರ್ಗ್‌ಗಳ ನೆಂಟಸ್ತಿಕೆಯೂ ಹೀಗೆ ಒಂದು ಬೋರೆ ಮರದ ಮೇಲೆ ನಿಂತಿದೆ. ಅದನ್ನು ಎಳೆಎಳೆಯಾಗಿ ಬಿಡಿಸಿ ನೋಡಿದರೆ, ಸುಳ್ಳು ಸಂಬಂಧ ಹೇಗೆ ಗಟ್ಟಿಯಾಗುತ್ತ ಹೋಗುತ್ತದೆ, ನಿಜವಾದ ಸಂಬಂಧ ಎಲ್ಲಿ ಅಡಗಿರುತ್ತದೆ ಎಂಬುದು ತಿಳಿಯುತ್ತದೆ.

ಇಬ್ಬರು ನೆಂಟರ ಪರಿಚಯ

ಡಾಕ್ಟರ್ ಹೂ ಶುರುವಾದದ್ದು 1963ರ ನವೆಂಬರ್ 23ರಂದು. ಈ ‘ಹೂ’ ತೋಟದ್ದಲ್ಲ, ‘ಯಾರು’ ಎಂದು ಕೇಳುವ ಇಂಗ್ಲಿಷಿನ ಹೂ. ಡಾಕ್ಟರ್ ಎಂದಷ್ಟೇ ಕರೆಸಿಕೊಳ್ಳುವ ಅನ್ಯಗ್ರಹದ ಅಲೆಮಾರಿಯೊಬ್ಬ ಟಾರ್ಡಿಸ್ ಎಂಬ ವಾಹನದಲ್ಲಿ ಕಾಲದ ಹಿಂದಕ್ಕೂ ಮುಂದಕ್ಕೂ ತಿರುಗುತ್ತಾನೆ. ಹೊರಗಿನಿಂದ ನೋಡಿದರೆ ಅದು ಬೀದಿ ಬದಿಯ ನೀಲಿ ಪೊಲೀಸ್ ಪೆಟ್ಟಿಗೆ, ಒಳಗೆ ಕಾಲಿಟ್ಟರೆ ಅರಮನೆಯಷ್ಟು ಜಾಗ. ಸಾಯುವ ಹೊತ್ತಿಗೆ ಡಾಕ್ಟರನ ಮೈ ಬದಲಾಗಿ ಹೊಸ ರೂಪ ಬರುತ್ತದೆ. ಹಾಗಾಗಿ ನಟರು ಬದಲಾದರೂ ಕಥೆ ನಿಂತಿಲ್ಲ.

ಸ್ಟಾರ್ ಟ್ರೆಕ್ ಮೊದಲು ಪ್ರಸಾರವಾದದ್ದು 1966ರ ಸೆಪ್ಟೆಂಬರ್ 8ರಂದು, ಅಮೆರಿಕದ ಎನ್‌ಬಿಸಿಯಲ್ಲಿ. 1980ರ ದಶಕದಲ್ಲಿ ದೂರದರ್ಶನದಲ್ಲಿ ಕಂಡವರಿಗೆ ಕ್ಯಾಪ್ಟನ್ ಕರ್ಕ್ ಮರೆತಿದ್ದರೂ ಚೂಪು ಕಿವಿಯ ಸ್ಪಾಕ್ ಮರೆತಿರಲಾರ. ಸ್ಟಾರ್ ಟ್ರೆಕ್ ಶುರುವಾಗಿ ಸರಿಯಾಗಿ ಒಂದು ತಿಂಗಳಿಗೆ, 1966ರ ಅಕ್ಟೋಬರ್ 8ರಂದು, ಡಾಕ್ಟರ್ ಹೂನಲ್ಲಿ ಸೈಬರ್‌ಮನ್‌ಗಳು ಕಾಣಿಸಿಕೊಂಡರು. ಭೂಮಿಯ ಅವಳಿ ಗ್ರಹ ಮೊಂಡಾಸ್. ಅದು ದಾರಿ ತಪ್ಪಿ ದೂರ ಹೋದಾಗ ಅಲ್ಲಿನ ಜನ ಸೊರಗಿದ ಅಂಗಗಳನ್ನು ಒಂದೊಂದಾಗಿ ಕಿತ್ತು ಯಂತ್ರ ಕೂಡಿಸಿಕೊಂಡರು. ಕೊನೆಗೆ ನೋವು, ಪ್ರೀತಿ ಯಾವುದೂ ಉಳಿಯಲಿಲ್ಲ. ಈಗ ಎಲ್ಲರನ್ನೂ ತಮ್ಮಂತೆಯೇ ಮಾಡುವುದು ಅವರ ಕೆಲಸ.

ಬೋರ್ಗ್‌ಗಳು ಬಂದದ್ದು 1989ರ ಮೇ ತಿಂಗಳಲ್ಲಿ, ಸ್ಟಾರ್ ಟ್ರೆಕ್‌ನ ನಂತರದ ಧಾರಾವಾಹಿ ‘ದ ನೆಕ್ಸ್ಟ್ ಜನರೇಷನ್’ನಲ್ಲಿ. ಬಿಳುಚಿದ ಮುಖ, ಮೈತುಂಬ ಕೊಳವೆ, ಎಲ್ಲರಿಗೂ ಸೇರಿ ಒಂದೇ ಮನಸ್ಸು. ಎದುರಾದವರನ್ನು ಹಿಡಿದು ಯಂತ್ರ ಚುಚ್ಚಿ ತಮ್ಮ ಗುಂಪಿಗೆ ಸೇರಿಸಿಕೊಳ್ಳುತ್ತಾರೆ, ವಿರೋಧಿಸಿ ಪ್ರಯೋಜನವಿಲ್ಲ ಎಂದು ಮೊದಲೇ ತಿಳಿಸುವ ಸೌಜನ್ಯ ಬೇರೆ. ಇಬ್ಬರನ್ನೂ ಪಕ್ಕಪಕ್ಕ ನಿಲ್ಲಿಸಿದರೆ ಒಂದೇ ಮನೆಯವರು ಅನ್ನಿಸುವುದು ಸಹಜ.

ಸಾಕ್ಷ್ಯದ ಗಂಟು

ಹೋಲಿಕೆಯೊಂದನ್ನೇ ನಂಬಿ ಕೂತವರಲ್ಲ ಅಭಿಮಾನಿಗಳು. ಅವರ ಮುಖ್ಯ ಸಾಕ್ಷ್ಯ 1988ರ ಮೇ 16ರಂದು ಪ್ರಸಾರವಾದ, ನೆಕ್ಸ್ಟ್ ಜನರೇಷನ್‌ನ ‘ದ ನ್ಯೂಟ್ರಲ್ ಝೋನ್’ ಎಂಬ ಕಂತು. 20ನೆಯ ಶತಮಾನದಲ್ಲಿ ತೀರಿಕೊಂಡು, ಶೈತ್ಯದಲ್ಲಿ ಕಾಪಿಟ್ಟಿದ್ದ ಕ್ಲೇರ್ ರೇಮಂಡ್ ಎಂಬ ಗೃಹಿಣಿಯನ್ನು ಎಂಟರ್‌ಪ್ರೈಸ್ ನೌಕೆಯ ವೈದ್ಯರು 2364ರಲ್ಲಿ ಎಬ್ಬಿಸುತ್ತಾರೆ. ತನ್ನ ಮಕ್ಕಳು ಏನಾದರು ಎಂದು ಅವಳು ಕಣ್ಣೀರಿಡುತ್ತಾಳೆ. ಆಗ ನೌಕೆಯ ಕಂಪ್ಯೂಟರ್ ಪರದೆಯ ಮೇಲೆ ಅವಳ ವಂಶವೃಕ್ಷ ಮೂಡುತ್ತದೆ. ಟಿವಿಯಲ್ಲಿ ಅದು ಕಾಣುವುದು ಕೆಲವೇ ಕ್ಷಣ, ಅಕ್ಷರವೋ ಇರುವೆ ಸಾಲು. ಚಿತ್ರವನ್ನು ನಿಲ್ಲಿಸಿ ಕಣ್ಣು ಕಿರಿದು ಮಾಡಿ ಓದಿದವರಿಗೆ ಸಿಕ್ಕ ಹೆಸರುಗಳು: ವಿಲಿಯಂ ಹಾರ್ಟ್ನೆಲ್, ಪ್ಯಾಟ್ರಿಕ್ ಟ್ರೌಟನ್, ಜಾನ್ ಪರ್ಟ್ವಿ, ಟಾಮ್ ಬೇಕರ್, ಪೀಟರ್ ಡೇವಿಸನ್, ಕಾಲಿನ್ ಬೇಕರ್. ಡಾಕ್ಟರನ ಪಾತ್ರ ಮಾಡಿದ ಮೊದಲ ಆರು ಮಂದಿ, ಒಬ್ಬರನ್ನೂ ಬಿಡದೆ!

ಇಷ್ಟಕ್ಕೇ ಮುಗಿಯಲಿಲ್ಲ. ಅದೇ ಕಂತಿನಲ್ಲಿ ಗಡಿಯ ಹೊರಠಾಣೆಗಳನ್ನು ಯಾರೋ ನೆಲಸಮೇತ ಬಾಚಿಕೊಂಡು ಹೋಗಿರುತ್ತಾರೆ. ಮರುವರ್ಷದ ಕಂತು ಅದು ಬೋರ್ಗ್‌ಗಳದೇ ಕೈವಾಡವೆಂಬ ಸುಳಿವು ಕೊಡುತ್ತದೆ. ಅಂದರೆ ಡಾಕ್ಟರನ ಹೆಸರುಗಳೂ ಬೋರ್ಗ್‌ನ ಮೊದಲ ಹೆಜ್ಜೆ ಗುರುತೂ ಒಂದೇ ಕಂತಿನಲ್ಲಿವೆ. ಫ್ಯಾನ್ ಥಿಯರಿಗೆ ಇದಕ್ಕಿಂತ ಹಬ್ಬದೂಟ ಬೇಕೆ?

ಮೇಲೋಗರಕ್ಕೆ ಇನ್ನೊಂದು. 2003ರಲ್ಲಿ ‘ಎಂಟರ್‌ಪ್ರೈಸ್’ ಎಂಬ ಮತ್ತೊಂದು ಸ್ಟಾರ್ ಟ್ರೆಕ್ ಧಾರಾವಾಹಿಯಲ್ಲಿ, ತೇಲುತ್ತಿದ್ದ ಒಂದು ಪುಟ್ಟ ನೌಕೆ ಸಿಗುತ್ತದೆ. ಭವಿಷ್ಯದಿಂದ ಬಂದದ್ದು, ಹೊರಗಿಗಿಂತ ಒಳಗೇ ದೊಡ್ಡದು. ಒಳಗೆ ಸತ್ತುಬಿದ್ದ ಚಾಲಕನ ಮೈಯಲ್ಲಿ ಮನುಷ್ಯರ ಜೊತೆ ಅನ್ಯಗ್ರಹದವರ ವಂಶವಾಹಿಗಳೂ ಇವೆ. 1996ರ ಡಾಕ್ಟರ್ ಹೂ ಟಿವಿ ಸಿನಿಮಾದಲ್ಲಿ ಡಾಕ್ಟರ್ ತನ್ನನ್ನು ತಾಯಿಯ ಕಡೆಯಿಂದ ಅರ್ಧ ಮನುಷ್ಯನೆಂದು ಹೇಳಿಕೊಂಡದ್ದನ್ನು ಅಭಿಮಾನಿಗಳು ಇಲ್ಲಿಗೆ ತಂದು ಜೋಡಿಸುತ್ತಾರೆ.

ಪಾಟೀಸವಾಲು

ಈಗ ವಂಶವೃಕ್ಷಕ್ಕೇ ಬರೋಣ. ಅಲ್ಲಿರುವುದು ನಟರ ಹೆಸರು, ಪಾತ್ರದ ಹೆಸರಲ್ಲ. ಟಾಮ್ ಬೇಕರ್ ಎಂಬಾತ ಕ್ಲೇರ್ ರೇಮಂಡಳ ವಂಶಸ್ಥನಾದರೆ ಅದರಿಂದ ಡಾಕ್ಟರ್ ಎಂಬ ಕಾಲಯಾತ್ರಿ ಆ ಲೋಕದಲ್ಲಿದ್ದಾನೆ ಎಂದಾಗುವುದಿಲ್ಲ. ಆ ಪರದೆಯನ್ನು ಸಿದ್ಧಪಡಿಸಿದವರು ಡಾಕ್ಟರ್ ಹೂ ನೋಡುತ್ತಿದ್ದರು ಎಂದಷ್ಟೇ ಆಗುತ್ತದೆ. ನೆಕ್ಸ್ಟ್ ಜನರೇಷನ್‌ನ ಕಲಾವಿಭಾಗ ಇಂಥ ಕೀಟಲೆಗೆ ಹೆಸರುವಾಸಿ. ಯಾರೂ ಓದಲಾರರು ಎಂಬ ಧೈರ್ಯದಲ್ಲಿ ಪರದೆಗಳ ಮೂಲೆಮೂಲೆಯಲ್ಲಿ ತಮಾಷೆ ತುರುಕುತ್ತಿದ್ದರು. ಸಾಕ್ಷ್ಯ ಸುಳ್ಳಲ್ಲ, ಅದು ಬೇರೆ ಮೊಕದ್ದಮೆಯ ಸಾಕ್ಷ್ಯ.

ಎರಡನೆಯ ತೊಡಕು ಇನ್ನೂ ದೊಡ್ಡದು. ಸ್ಟಾರ್ ಟ್ರೆಕ್ ಲೋಕದಲ್ಲಿ ಅನ್ಯಗ್ರಹದವರಿದ್ದಾರೆಂದು ಜಗತ್ತಿಗೆ ಗೊತ್ತಾಗುವುದು 2063ರ ಏಪ್ರಿಲ್ 5ರಂದು, ಸ್ಪಾಕ್‌ನ ಕುಲದವರಾದ ವಲ್ಕನ್ನರ ನೌಕೆ ಅಮೆರಿಕದ ಮೊಂಟಾನಾದಲ್ಲಿ ಇಳಿದಾಗ. ಡಾಕ್ಟರ್ ಹೂ ಲೋಕದಲ್ಲಿ ಅಲ್ಲಿಯತನಕ ಕಾಯುವ ತಾಳ್ಮೆ ಯಾರಿಗೂ ಇಲ್ಲ. ಸೈಬರ್‌ಮನ್‌ಗಳ ಮೊದಲ ಕಥೆಯಲ್ಲೇ, 1986ರಲ್ಲಿ, ಮೊಂಡಾಸ್ ಗ್ರಹ ಭೂಮಿಯ ಹತ್ತಿರ ಬಂದು ನಿಲ್ಲುತ್ತದೆ. 2005ರ ಕ್ರಿಸ್‌ಮಸ್ ಕಂತಿನಲ್ಲಿ ಲಂಡನ್ನಿನ ನೆತ್ತಿಯ ಮೇಲೆ ಅನ್ಯಗ್ರಹದ ನೌಕೆ ಬಂದಾಗ, ಎ ಪಾಸಿಟಿವ್ ರಕ್ತದವರೆಲ್ಲ ಎದ್ದುಹೋಗಿ ತಾರಸಿಯ ಅಂಚಿನಲ್ಲಿ ನಿಲ್ಲುತ್ತಾರೆ. ಇಷ್ಟೆಲ್ಲ ಕಂಡವರು 2063ರಲ್ಲಿ ವಲ್ಕನ್ನರನ್ನು ನೋಡಿ ಬೆಚ್ಚಿಬೀಳುವುದು ಹೇಗೆ?

ಮೂರನೆಯದು ಎಲ್ಲಕ್ಕಿಂತ ಮಜವಾದದ್ದು. ಡಾಕ್ಟರ್ ಹೂ ಲೋಕದಲ್ಲಿ ಸ್ಟಾರ್ ಟ್ರೆಕ್ ಎಂಬುದೊಂದು ಟಿವಿ ಧಾರಾವಾಹಿ. 2005ರ ಒಂದು ಕಂತಿನಲ್ಲಿ ಡಾಕ್ಟರನ ಜೊತೆಗಾರ್ತಿ ರೋಸ್ ಅವನನ್ನು ಮಿಸ್ಟರ್ ಸ್ಪಾಕ್ ಎಂದು ಪರಿಚಯಿಸುತ್ತಾಳೆ. 2006ರಲ್ಲಿ ಡಾಕ್ಟರ್ ತಾನೇ ಬೆರಳು ಬಿಡಿಸಿ ವಲ್ಕನ್ ನಮಸ್ಕಾರ ಮಾಡುತ್ತಾನೆ. ಟಿವಿಯಲ್ಲಿ ನೋಡಿದ ಕಥೆಯ ಖಳರು ನಮ್ಮ ಪಕ್ಕದ ಗ್ರಹದವರ ಮೊಮ್ಮಕ್ಕಳಾಗುವುದು ಸಾಧ್ಯವಿಲ್ಲ. ಅಭಿಮಾನಿಗಳು ಸೋಲೊಪ್ಪಿಕೊಳ್ಳುತ್ತಾರೆ ಅನ್ನುವಷ್ಟರಲ್ಲಿ, 2024ರ ‘ಸ್ಪೇಸ್ ಬೇಬೀಸ್’ ಕಂತಿನಲ್ಲಿ ಸ್ಟಾರ್ ಟ್ರೆಕ್‌ನ ಮಾತು ಬಂದಾಗ, ಒಂದು ದಿನ ಅವರನ್ನೂ ಹೋಗಿ ನೋಡಬೇಕು ಎಂದುಬಿಟ್ಟ ಡಾಕ್ಟರ್! ಎತ್ತು ಈಯಿತೆಂದರೆ ಕೊಟ್ಟಿಗೆಗೆ ಕಟ್ಟಲು ಕಾದಿದ್ದವರಿಗೆ ಕರುವನ್ನೇ ತಂದುಕೊಟ್ಟ ಹಾಗಾಯಿತು.

ಆಕ್ಷೇಪ ಎತ್ತಿದಾಗಲೆಲ್ಲ ಅಭಿಮಾನಿಗಳ ಬಳಿ ಎರಡು ಸಿದ್ಧ ಉತ್ತರಗಳಿವೆ. ತಾರೀಖು ಹೊಂದದಿದ್ದರೆ ಕಾಲಯಾನ, ಘಟನೆ ಹೊಂದದಿದ್ದರೆ ಸಮಾಂತರ ಬ್ರಹ್ಮಾಂಡ. ಎರಡೂ ಧಾರಾವಾಹಿಗಳಲ್ಲಿ ಇವೆರಡೂ ಧಾರಾಳವಾಗಿರುವುದರಿಂದ ಅವರನ್ನು ಕಟ್ಟಿಹಾಕಲು ಯಾರಿಂದಲೂ ಆಗದು. ವಾದದ ದೌರ್ಬಲ್ಯ ಇರುವುದೂ ಅಲ್ಲಿಯೇ. ಯಾವ ಪುರಾವೆ ಬಂದರೂ ಬಗ್ಗದ ವಾದ ಗಟ್ಟಿಯಾಗಿ ಕಾಣುತ್ತದೆ, ಆದರೆ ಅದು ಏನನ್ನೂ ಹೇಳುತ್ತಿರುವುದಿಲ್ಲ. ಯಾವ ಬೀಗಕ್ಕೂ ಹೊಂದುವ ಕೀಲಿಯಿಂದ ಇದು ಯಾರ ಮನೆ ಎಂದು ತಿಳಿಯಲಾಗದು.

ನಿಜವಾದ ಬಳ್ಳಿ

ಹಾಗಾದರೆ ಅಷ್ಟೊಂದು ಹೋಲಿಕೆ ಬಂದದ್ದೆಲ್ಲಿಂದ? ಸೈಬರ್‌ಮನ್‌ಗಳನ್ನು ಸೃಷ್ಟಿಸಿದವರು ಗೆರಿ ಡೇವಿಸ್ ಎಂಬ ಲೇಖಕ ಮತ್ತು ಕಿಟ್ ಪೆಡ್ಲರ್ ಎಂಬ ವೈದ್ಯವಿಜ್ಞಾನಿ. ಪೆಡ್ಲರ್ ಲಂಡನ್ನಿನಲ್ಲಿ ಕಣ್ಣಿನ ಬಗ್ಗೆ ಸಂಶೋಧನೆ ಮಾಡುತ್ತಿದ್ದವರು. ಅದು ಮನುಷ್ಯನ ದೇಹಕ್ಕೆ ಬಿಡಿಭಾಗ ಜೋಡಿಸುವ ಕಾಲ. 1958ರಲ್ಲಿ ಸ್ವೀಡನ್ನಿನಲ್ಲಿ ಮೊದಲ ಬಾರಿ ರೋಗಿಯ ಮೈಯೊಳಗೆ ಪೇಸ್‌ಮೇಕರ್ ಇಟ್ಟಿದ್ದರು. 1967ರ ಡಿಸೆಂಬರ್‌ನಲ್ಲಿ ಕೇಪ್‌ಟೌನಿನಲ್ಲಿ ಕ್ರಿಸ್ಟಿಯಾನ್ ಬರ್ನಾರ್ಡ್ ಒಬ್ಬರ ಹೃದಯವನ್ನು ಇನ್ನೊಬ್ಬರಿಗೆ ಕಸಿ ಮಾಡಿದರು. ಒಂದೊಂದೇ ಭಾಗ ಬದಲಿಸುತ್ತ ಹೋದರೆ ಕೊನೆಗೆ ಉಳಿಯುವವನು ಮನುಷ್ಯನೇ? ಪೆಡ್ಲರ್ ಅವರನ್ನು ಕಾಡಿದ್ದು ಈ ಪ್ರಶ್ನೆ. 1966ರ ಸೈಬರ್‌ಮನ್ ವೇಷ ನೋಡಿದರೆ ಅದು ಅರ್ಥವಾಗುತ್ತದೆ. ಮುಖಕ್ಕೆ ಬ್ಯಾಂಡೇಜಿನಂಥ ಬಟ್ಟೆ, ತಲೆಯ ಮೇಲೆ ದೀಪ, ಎದೆಗೆ ಕಟ್ಟಿದ ಯಂತ್ರ, ಕೆಳಗೆ ಮಾತ್ರ ನಟರ ಬರಿಗೈ. ಯುದ್ಧಕ್ಕೆ ಬಂದ ಸೈನಿಕನಿಗಿಂತ ಆಸ್ಪತ್ರೆಯಿಂದ ಎದ್ದುಬಂದ ರೋಗಿಯಂತೆ ಕಾಣುತ್ತಾನೆ.

ಬೋರ್ಗ್‌ಗಳ ಹುಟ್ಟು ಇಷ್ಟು ಘನವಾದದ್ದಲ್ಲ. ಲೇಖಕ ಮಾರಿಸ್ ಹರ್ಲಿಯವರ ಮೊದಲ ಯೋಚನೆ ಕೀಟಗಳಂಥ ಜೀವಿಗಳದ್ದು. ಟಿವಿ ಧಾರಾವಾಹಿಯ ಬಜೆಟ್ಟಿಗೆ ಅದು ಎಟುಕಲಿಲ್ಲ. ಮನುಷ್ಯರಿಗೇ ಕಪ್ಪು ಉಡುಪು ತೊಡಿಸಿ ಕೊಳವೆ ಅಂಟಿಸುವುದು ಅಗ್ಗವಾಯಿತು. ಇನ್ನೂ ಗಮನಿಸಬೇಕಾದದ್ದು, 1989ರ ಮೊದಲ ಕಂತಿನಲ್ಲಿ ಬೋರ್ಗ್‌ಗಳಿಗೆ ಬೇಕಿದ್ದದ್ದು ಯಂತ್ರೋಪಕರಣ, ಮನುಷ್ಯರಲ್ಲ. ಎಂಟರ್‌ಪ್ರೈಸ್ ನೌಕೆಯ ಕ್ಯಾಪ್ಟನ್ ಪಿಕಾರ್ಡ್‌ನನ್ನು ಹಿಡಿದು ತಮ್ಮವನನ್ನಾಗಿ ಮಾಡಿಕೊಂಡದ್ದು 1990ರಲ್ಲಿ. ಇಂದು ನಮಗೆ ಎದ್ದು ಕಾಣುವ ಹೋಲಿಕೆ ಹುಟ್ಟಿನಿಂದ ಬಂದದ್ದಲ್ಲ, ಬೆಳೆಯುತ್ತ ಬಂದದ್ದು.

ಇಬ್ಬರಿಗೂ ಒಬ್ಬ ಪೂರ್ವಜನಿದ್ದಾನೆ, ಅವನು ಮೊಂಡಾಸ್‌ನವನಲ್ಲ. 1960ರಲ್ಲಿ ಮ್ಯಾನ್‌ಫ್ರೆಡ್ ಕ್ಲೈನ್ಸ್ ಮತ್ತು ನೇಥನ್ ಕ್ಲೈನ್ ಎಂಬ ವಿಜ್ಞಾನಿಗಳು ಬಾಹ್ಯಾಕಾಶಕ್ಕೆ ಹೋಗುವ ಮನುಷ್ಯನ ದೇಹವನ್ನೇ ಯಂತ್ರಗಳ ನೆರವಿನಿಂದ ಅಲ್ಲಿಗೆ ಹೊಂದುವಂತೆ ಮಾಡಿದರೆ ಹೇಗೆ ಎಂದು ಬರೆಯುತ್ತ ‘ಸೈಬೋರ್ಗ್’ ಎಂಬ ಪದ ಕಟ್ಟಿದರು. ಸೈಬರ್ನೆಟಿಕ್ಸ್ ಎಂಬ ಶಾಸ್ತ್ರದ ಹೆಸರಿಗೆ ಜೀವಿ ಎಂಬರ್ಥದ ಆರ್ಗನಿಸಂ ಸೇರಿಸಿ ಆದ ಪದವದು. ಮುಂದೆ ಅಣ್ಣತಮ್ಮಂದಿರು ಆಸ್ತಿ ಪಾಲು ಮಾಡಿಕೊಂಡ ಹಾಗಾಯಿತು: ತಲೆ ಸೈಬರ್‌ಮನ್‌ಗೆ, ಬಾಲ ಬೋರ್ಗ್‌ಗೆ. ಇದು ಅಜ್ಜ ಮೊಮ್ಮಕ್ಕಳ ಸಂಬಂಧವಲ್ಲ. ಒಂದೇ ಭಯಕ್ಕೆ ಎರಡು ದೇಶಗಳಲ್ಲಿ ಹುಟ್ಟಿದ ಇಬ್ಬರು ಮಕ್ಕಳು.

ಇಷ್ಟು ತಿಳಿದ ಮೇಲೂ ಈ ಆಟ ನಿಲ್ಲಬೇಕಾಗಿಲ್ಲ. ಇದಕ್ಕೆ ನೂರು ವರ್ಷ ಮೀರಿದ ಪರಂಪರೆಯಿದೆ. ಮುಂದೆ ಪಾದ್ರಿಯಾದ ರೊನಾಲ್ಡ್ ನಾಕ್ಸ್ 1911ರಲ್ಲಿ ಆಕ್ಸ್‌ಫರ್ಡಿನಲ್ಲಿ ಷರ್ಲಾಕ್ ಹೋಮ್ಸ್ ಕಥೆಗಳನ್ನು ಧರ್ಮಗ್ರಂಥದಂತೆ ಶೋಧಿಸುವ ಪ್ರಬಂಧ ಓದಿದ್ದರು. ಬೈಬಲ್ ಪಂಡಿತರು ಕೂದಲು ಸೀಳುವ ರೀತಿಯನ್ನು ಅಣಕಿಸುವುದು ಅವರ ಉದ್ದೇಶ. ನಗದೆ ಆಡುವುದೇ ಆ ಆಟದ ನಿಯಮ, ಆದರೆ ಆಡುವವರಿಗೆಲ್ಲ ಅದು ಆಟವೆಂದು ಗೊತ್ತು. ಅದು ಮರೆತುಹೋದ ದಿನ ಫ್ಯಾನ್ ಥಿಯರಿ ವದಂತಿಯಾಗುತ್ತದೆ.

ಕೊನೆಗೆ ಹಕ್ಕುದಾರರೇ ಇಬ್ಬರನ್ನೂ ಒಂದು ಪಂಕ್ತಿಯಲ್ಲಿ ಕೂರಿಸಿದರು. 2012ರಲ್ಲಿ ಅಮೆರಿಕದ ಐಡಿಡಬ್ಲ್ಯು ಸಂಸ್ಥೆ ಎಂಟು ಸಂಚಿಕೆಗಳ ಅಧಿಕೃತ ಕಾಮಿಕ್ಸ್ ತಂದಿತು. ಅದರಲ್ಲಿ ಬೋರ್ಗ್‌ಗಳೂ ಸೈಬರ್‌ಮನ್‌ಗಳೂ ಕೈಜೋಡಿಸುತ್ತಾರೆ, ಬೇಗನೆ ಜಗಳವಾಡಿಕೊಂಡು ಬೇರೆಯೂ ಆಗುತ್ತಾರೆ. ಅಲ್ಲಿಯೂ ಅವರು ಅಜ್ಜ ಮೊಮ್ಮಕ್ಕಳಲ್ಲ. ಎರಡು ಬೇರೆ ಬೇರೆ ಬ್ರಹ್ಮಾಂಡಗಳಿಂದ ಬಂದವರು.