ಬೇಟೆಯ ಹೆಮ್ಮೆಯೂ ಸಾಕುವವನ ಹಕ್ಕೂ

ಒಂದು ಊರಿಗೆ ಒಂದು ಜೀವದಿಂದ ಹೆಸರು ಬರುವುದುಂಟು. ಶಿಡ್ಲಘಟ್ಟವೆಂದೊಡನೆ ರೇಷ್ಮೆಯ ಹುಳು ನೆನಪಾಗುವುದು ಇದಕ್ಕೆ ಸಾಕ್ಷಿ. ಆದರೆ ಬೇಟೆಯೂ ನಮ್ಮ ಸೀಮೆಯ ಹೆಸರೇ ಆಗಿತ್ತು, ಜಿಂಕೆಯ ಬೇಟೆ ನಿಂತುದರಿಂದ ಊರುಗಳ ಪೌರುಷವೇ ಕುಂದಿತು ಎಂದು ಹಳಹಳಿಸುವ ಮಹನೀಯರು ಈಗಲೂ ಇದ್ದಾರೆ. ಅವರ ಮಾತನ್ನು ನಕ್ಕು ತಳ್ಳಿಬಿಡುವುದು ನ್ಯಾಯವಲ್ಲ. ತೂಗಿ ನೋಡುವುದು ನ್ಯಾಯ.

ಬೇಟೆಗೆ ಕನ್ನಡ ನಾಡಿನಲ್ಲಿ ಮರ್ಯಾದೆಯ ಸ್ಥಾನವಿದ್ದುದು ನಿಜ. 10ನೆಯ ಶತಮಾನದ ಆತಕೂರಿನ ಕಲ್ಲು, ಹಂದಿಯೊಡನೆ ಹೋರಾಡಿ ಮಡಿದ ಕಾಳಿಯೆಂಬ ನಾಯಿಗೆ ನಿಲ್ಲಿಸಿದ್ದು. ಯುಗಾದಿಯ ಮರುದಿನದ ಹೊಸತೊಡಕಿಗೆ ಊರಿನವರೆಲ್ಲ ಕೂಡಿ ಬೇಟೆಗೆ ಹೊರಡುವ ವಾಡಿಕೆ ಹಳೆಯ ಮೈಸೂರಿನ ಹಳ್ಳಿಗಳಲ್ಲಿತ್ತು. ಮಾಂಸದ ಪಾಲಿಗಿಂತಲೂ ಕೂಡಿ ನಡೆದುದರ ಹಿಗ್ಗೇ ಅಲ್ಲಿ ದೊಡ್ಡದು. ಆದರೆ ಕೋವಿಗಳು ಹೆಚ್ಚಿ ಬಯಲು ಕಿರಿದಾದಂತೆ ಮಿಗಗಳು ತೀರಿದವು. ಮೈಸೂರು ಸಂಸ್ಥಾನವು 1901ರಷ್ಟು ಹಿಂದೆಯೇ ಬೇಟೆಗೆ ಕಟ್ಟಳೆ ಹಾಕಬೇಕಾಯಿತು. 1972ರ ವನ್ಯಜೀವಿ ಕಾಯಿದೆ ಕೃಷ್ಣಮೃಗವನ್ನು ಕೊಲ್ಲುವುದನ್ನು ಘೋರ ಅಪರಾಧವೆಂದು ಎಣಿಸಿತು. ಇಂದು ಆ ತಪ್ಪಿಗೆ ಕನಿಷ್ಠ 3 ವರ್ಷಗಳ ಸೆರೆ.

“ಅಮೆರಿಕದಲ್ಲಿ ಜಿಂಕೆಯ ಬೇಟೆಯಿಂದಲೇ ಊರುಗಳು ಬದುಕುತ್ತವೆಯಲ್ಲ?” ಎಂದು ಕೇಳಬಹುದು. ವಿಸ್ಕಾನ್ಸಿನ್ ಪ್ರಾಂತದಲ್ಲಿ ನವೆಂಬರ್ ತಿಂಗಳ ಒಂಬತ್ತು ದಿನಗಳ ಬಂದೂಕಿನ ಬೇಟೆಗೆ ಸಣ್ಣ ಪಟ್ಟಣಗಳ ಹೋಟೆಲುಗಳೂ ಅಂಗಡಿಗಳೂ ಕಾದಿರುವುದು ದಿಟ. ಆದರೆ ಅಲ್ಲಿನ ಬೇಟೆಗಾರ ಪರವಾನಗಿಗೆ ಹಣ ತೆರುತ್ತಾನೆ; 1937ರ ಕಾಯಿದೆಯ ಮೇರೆಗೆ ಕೋವಿ ಮದ್ದುಗುಂಡುಗಳ ಮೇಲಿನ ಸುಂಕ ಕಾಡುಪ್ರಾಣಿಗಳ ಪೋಷಣೆಗೆ ಹೋಗುತ್ತದೆ. ತೆಗೆದುಕೊಳ್ಳುವವನು ಬೆಳೆಸುವುದಕ್ಕೂ ಕೊಡಬೇಕೆಂಬುದೇ ಅಲ್ಲಿನ ನಿಯಮ.

ಈ ನಿಯಮ ಶಿಡ್ಲಘಟ್ಟಕ್ಕೆ ಹೊಸದಲ್ಲ. ಗೂಡು ಬೇಯಿಸುವಾಗ ಜೀವ ಹೋಗುವುದಿಲ್ಲವೇ ಎಂದರೆ, ಹೋಗುತ್ತದೆ, ಅದನ್ನು ಮುಚ್ಚಿಡಬೇಕಾಗಿಲ್ಲ. ಆದರೆ ಚಾಕಿ ಕಟ್ಟಿದಂದಿನಿಂದ ನಾಲ್ಕು ಜ್ವರ ಕಳೆದು ಹುಳು ಹಣ್ಣಾಗಿ ಚಂದ್ರಂಕಿ ಏರುವವರೆಗೆ, ಆ ಮನೆಯವರಿಗೆ ಹಗಲಿರುಳೆಂಬ ಭೇದವಿಲ್ಲ. ಹಿಪ್ಪುನೇರಳೆಗೆ ನೀರು, ಹುಳುವಿಗೆ ಸೊಪ್ಪು, ಮನೆಗೆ ಶುಚಿ, ಇಷ್ಟಾದ ಮೇಲೆಯೇ ಗೂಡು ಮಾರುಕಟ್ಟೆಗೆ, ಅಲ್ಲಿಂದ ಬಿಚ್ಚಾಣಿಕೆಯವರ ಕೈಗೆ. ಮುಂದಿನ ಬೆಳೆಗೆ ಬಿತ್ತನೆಗೂಡನ್ನು ಬೇರೆಯಾಗಿ ಕಾಯುವವರೂ ಉಂಟು. ಊರಿಗೆ ಹೆಸರು ತಂದುದು ಈ ಸಾಕಣೆ. ಬೇಟೆಗಾರನಾದರೋ ತಾನು ಒಂದು ಹಿಡಿ ಹುಲ್ಲನ್ನೂ ಹಾಕದ ಪ್ರಾಣಿಯ ಮೇಲೆ ಹಕ್ಕು ಹೇಳುತ್ತಿದ್ದನು.

ಹಾಗಾದರೆ ಇಂದು ನಮ್ಮ ಜಿಂಕೆಯನ್ನು ಸಾಕುತ್ತಿರುವವರು ಯಾರು? ಗೌರೀಬಿದನೂರಿನ ನೆರೆಯ ಮಧುಗಿರಿ ತಾಲ್ಲೂಕಿನಲ್ಲಿ, ಆಂಧ್ರದ ಗಡಿಯ ಬಳಿ, ಮೈದನಹಳ್ಳಿಯ ಹುಲ್ಲುಗಾವಲಿದೆ. 798 ಎಕರೆಗಳ ಈ ಬಯಲನ್ನು 2007ರಲ್ಲಿ ಜಯಮಂಗಲಿ ಕೃಷ್ಣಮೃಗ ಸಂರಕ್ಷಣಾ ಮೀಸಲು ಎಂದು ಸಾರಲಾಯಿತು. ಚಿಕ್ಕಬಳ್ಳಾಪುರ ಪ್ರತ್ಯೇಕ ಜಿಲ್ಲೆಯಾದುದೂ ಅದೇ ವರ್ಷ. ಗಡಿಯ ಕಲ್ಲು ಮಿಗಕ್ಕೆ ತಿಳಿಯದು; ಆಚೆಯ ಆಂಧ್ರವು ಅದನ್ನೇ ತನ್ನ ರಾಜ್ಯಪ್ರಾಣಿಯೆಂದು ಮನ್ನಿಸಿದೆ. ಹಾಗೆಯೇ ಮೀಸಲಿನ ಎಲ್ಲೆಯೂ ತಿಳಿಯದು. ಹಸಿದ ಹಿಂಡು ಪಕ್ಕದ ಹೊಲದ ಕಡಲೆಕಾಯಿಗೂ ರಾಗಿಯ ಪೈರಿಗೂ ನುಗ್ಗುತ್ತದೆ. ನಾವು ಪಟ್ಟಣಿಗರು ಭಾನುವಾರ ಹೋಗಿ ನೋಡಿ ನಲಿಯುವ ಆ ಚಿಗಿತವನ್ನು ಪೋಷಿಸುವವನು ಅಂಚಿನ ಹೊಲದ ಬಡ ಒಕ್ಕಲಿಗ. ಕಾಯಿದೆ ಕೋವಿಯನ್ನು ತಡೆಯಿತು. ಸಾಕುವ ಖರ್ಚನ್ನು ಮಾತ್ರ ಒಬ್ಬನ ತಲೆಗೇ ಕಟ್ಟಿತು. ಇದು ನ್ಯಾಯವೇ?

ಆದುದರಿಂದ ನಮ್ಮ ಮಾತು ಎರಡೇ. ಪೈರು ಹೋದ ರೈತನಿಗೆ ಪರಿಹಾರವು ಕಚೇರಿಗೆ ಅಲೆಯುವ ಶಿಕ್ಷೆಯಾಗದೆ ಮುಂದಿನ ಬಿತ್ತನೆಗೆ ಮೊದಲೇ ಕೈಸೇರಬೇಕು. ಹುಲ್ಲುಗಾವಲನ್ನು ‘ಪಾಳು’ ಎಂದು ಬರೆಯುವ ಚಾಳಿ ನಿಲ್ಲಬೇಕು. ಕೃಷ್ಣಮೃಗವು ದಟ್ಟಡವಿಯ ಪ್ರಾಣಿಯಲ್ಲ. ದೂರಕ್ಕೆ ಕಾಣುವ ಬಯಲೇ ಅದಕ್ಕೆ ಕೋಟೆ. ಹಸುರು ಹೆಚ್ಚಿಸುವ ನೆಪದಲ್ಲಿ ಬಯಲಿಗೆಲ್ಲ ನೀಲಗಿರಿ ನೆಟ್ಟುದರ ಫಲವನ್ನು ಈ ಬರಸೀಮೆ ಚೆನ್ನಾಗಿ ಬಲ್ಲದು. 2017ರಲ್ಲಿ ಸರ್ಕಾರವೇ ಹೊಸದಾಗಿ ನೀಲಗಿರಿ ನೆಡುವುದನ್ನು ನಿಷೇಧಿಸಿತು.

ಉಪಾಧ್ಯಾಯ ಮಹಾಶಯರು ಇದರಲ್ಲಿ ಮುಂದಾಗಬೇಕು. ಚಿಕ್ಕಬಳ್ಳಾಪುರ, ಚಿಂತಾಮಣಿ, ಶಿಡ್ಲಘಟ್ಟಗಳ ಮಕ್ಕಳನ್ನು ಮೈದನಹಳ್ಳಿಗೆ ಕರೆದೊಯ್ದಾಗ ಮಿಗವನ್ನು ತೋರಿಸಿದರೆ ಸಾಲದು. ಆ ಅಂಚಿನ ಹೊಲವನ್ನೂ ತೋರಿಸಿ, ಇದರ ಮೇವಿನ ಲೆಕ್ಕ ಯಾರ ಪುಸ್ತಕದಲ್ಲಿದೆಯೆಂದು ಕೇಳಿಸಬೇಕು. ಹಳೆಯ ಬೇಟೆಯಲ್ಲಿ ಊರೆಲ್ಲ ಕೂಡಿ ನಡೆದು ಊರೆಲ್ಲ ಪಾಲು ಹಂಚಿಕೊಂಡಿತು. ಕಾಯುವ ಹೊರೆಗೂ ಅದೇ ನಿಯಮ ಸಲ್ಲಲಿ. ಆಗ ಜಿಂಕೆಯ ಹೆಸರು ಹೇಳಿಕೊಳ್ಳುವ ಹಕ್ಕು ನಮ್ಮ ಊರುಗಳಿಗೆ ನಿಜವಾಗಿಯೂ ಬರುವುದು.